ಪೆನ್ಸಿಲ್ ಓಡಿದ ಮಧ್ಯಾಹ್ನಗಳು

ಸಹೃದಯರೂ ಸಾವಧಾನಚಿತ್ತರೂ ಆದ ವಾಚಕ ಮಹಾಶಯರೇ, ಈ ವೃತ್ತಾಂತಕ್ಕೆ ಕೈ ಹಚ್ಚುವ ಮುನ್ನ ತಮ್ಮ ಸಮಕ್ಷಮದಲ್ಲಿ ಒಂದು ಅರಿಕೆಯನ್ನು ಮಂಡಿಸುವುದು ಅವಶ್ಯವೆಂದು ಬಗೆದಿದ್ದೇನೆ. ಇದರಲ್ಲಿ ನನ್ನ ಇಪ್ಪತ್ತು ಮಧ್ಯಾಹ್ನದ ನಿದ್ರೆಗಳ ಪ್ರಸ್ತಾಪ ಬರುತ್ತದೆ. ಮೊದಲ ನಾಲ್ಕನ್ನು ಕುರಿತು ನಾನು ಆಡಿದ ಮಾತು ನಿಜ. ಉಳಿದ ಹದಿನಾರನ್ನು ಕುರಿತು ಆಡಿದ್ದು ಕಟ್ಟುಕಥೆ. ಇಷ್ಟನ್ನು ಮೊದಲೇ ಒಪ್ಪಿಕೊಂಡ ಮೇಲೆ, ಮಿಕ್ಕಿದ್ದನ್ನು ನಂಬುವ ದಾಕ್ಷಿಣ್ಯ ತಮಗೆ ಸೇರಿದ್ದು.

ನನ್ನ ಕಾಲಲ್ಲಿ ಚಕ್ರವಿದೆ ಎಂಬುದು ಅಕ್ಕನ ಆರೋಪ. ಸುಳ್ಳಲ್ಲ. ದೋಣಿಕಟ್ಟೆಯಲ್ಲಿ ಹಗ್ಗ ಎಸೆದಿದ್ದೇನೆ, ಗೋಡೆಗಳಿಗೆ ಸಿನಿಮಾ ಚಿತ್ರ ಅಂಟಿಸಿದ್ದೇನೆ, ಉಗ್ರಾಣ ಕಾದಿದ್ದೇನೆ. ಯಾವ ಊರಿನಲ್ಲಿಯೂ ಎರಡನೆಯ ಜೊತೆ ಚಪ್ಪಲಿ ಸವೆಸಿದವನಲ್ಲ. ನನಗೆ ವಿದ್ಯೆ ಕಲಿಸಿದವು ಹಾದಿಬದಿಯಲ್ಲಿ ತೂಕಕ್ಕೆ ಮಾರುವ ಹಳೆಯ ಕಾದಂಬರಿಗಳು. ಕೊನೆಯ ಹಾಳೆಗಳು ಹರಿದುಹೋದವು ಇನ್ನೂ ಅಗ್ಗವಾಗಿರುತ್ತಿದ್ದ ಕಾರಣ ನಾನು ಹೆಚ್ಚಾಗಿ ಅವನ್ನೇ ಕೊಳ್ಳುತ್ತಿದ್ದೆ, ಉಳಿದದ್ದನ್ನು ಮಲಗಿದಲ್ಲೇ ಮನಸ್ಸಿನಲ್ಲಿ ಕಟ್ಟಿ ಮುಗಿಸುತ್ತಿದ್ದೆ. ಇದಲ್ಲದೆ ನನಗಿದ್ದ ಇನ್ನೊಂದು ವರವೆಂದರೆ ನಿದ್ರೆ. ಮೂಟೆಗಳ ಮೇಲೆ, ಬಸ್ಸಿನ ಎಂಜಿನ್ ಪೆಟ್ಟಿಗೆಯ ಮೇಲೆ, ಒಮ್ಮೆ ಓಡುವ ಲಾರಿಯ ಮರದ ಹೊಟ್ಟಿನ ಮೇಲೆ, ತಲೆ ಇಟ್ಟಲ್ಲೆಲ್ಲ ಅದು ನನ್ನನ್ನು ಹುಡುಕಿಕೊಂಡು ಬರುತ್ತಿತ್ತು.

ಹಾಗೆ ತಿರುಗುತ್ತ ತಿರುಗುತ್ತ ಒಂದು ದಿನ ಅಕ್ಕನ ಮನೆ ತಲುಪಿದೆ. ಅಕ್ಕ ಕನ್ನಡಕದ ಕಾರ್ಖಾನೆಯಲ್ಲಿ ಗಾಜು ಉಜ್ಜುವವಳು. ಅವಳ ಉಗುರಿನ ಸಂದುಗಳಲ್ಲಿ ಸದಾ ಸಣ್ಣ ಬಿಳಿಯ ಪುಡಿ. ಯಾವ ವಸ್ತು ಕೈಗೆ ಬಂದರೂ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಗೀರು ಹುಡುಕುವುದು ಅವಳ ರೂಢಿ. ನೀರಿನ ಲೋಟವನ್ನೂ ಹಾಗೆ ನೋಡುತ್ತಾಳೆ, ಮನುಷ್ಯರ ಮಾತನ್ನೂ ಹಾಗೆಯೇ ನೋಡುತ್ತಾಳೆ. ಭಾವನವರು ತೀರಿಕೊಂಡು ಎಂಟು ವರ್ಷ. ಮನೆಯಲ್ಲಿ ಅವಳು ಮತ್ತು ಡಿಗ್ರಿ ಎರಡನೆಯ ವರ್ಷದಲ್ಲಿದ್ದ ಮಗಳು. ಮಾತು ಬಂದ ದಿನದಿಂದ ಎಲ್ಲಕ್ಕೂ ‘ಯಾಕೆ’ ಎಂದು ಕೇಳುತ್ತಿದ್ದುದರಿಂದ ಆ ಹುಡುಗಿಗೆ ಮನೆಯಲ್ಲಿ ಯಾಕಮ್ಮ ಎಂಬ ಹೆಸರೇ ನಿಂತುಬಿಟ್ಟಿತ್ತು.

ಬಂದ ಮಧ್ಯಾಹ್ನವೇ ನಾನು ಅಡುಗೆಮನೆಯ ಬೆಂಚಿನ ಮೇಲೆ ಮಲಗಿಬಿಟ್ಟೆನಂತೆ. ಕಣ್ಣು ತೆರೆದಾಗ ಯಾಕಮ್ಮ ಎದುರಿಗೆ ಸ್ಟೂಲಿನ ಮೇಲೆ ಗಡಿಯಾರ ಹಿಡಿದು ಕುಳಿತಿದ್ದಳು.

“ಮಾವ, ನಿಮಗೆ ನಿದ್ದೆ ಬರೋಕೆ ಎಷ್ಟು ಹೊತ್ತು ಬೇಕು?”

“ಅದನ್ನ ನೋಡೋಕೆ ನಾನು ಎದ್ದಿರಬೇಕಲ್ಲಮ್ಮ.”

“ನಾಲ್ಕು ನಿಮಿಷ. ನಾನು ನೋಡ್ದೆ.”

“ಅವನು ನಿಂತ್ಕೊಂಡೂ ಮಲಗ್ತಾನೆ,” ಎಂದಳು ಅಕ್ಕ, ಒಲೆಯ ಕಡೆಗೆ ಮುಖ ಮಾಡಿಕೊಂಡೇ. “ಕೆಲಸ ಹೇಳಿದ್ರೆ ಇನ್ನೂ ಬೇಗ.”

“ಮಾವ, ಅದನ್ನೇ ನಮ್ಮ ಲ್ಯಾಬಲ್ಲಿ ಬಂದು ಮಾಡ್ತೀರಾ?”

ನಿದ್ರೆಯನ್ನು ಪರೀಕ್ಷಿಸುವ ಕಾಲೇಜಿನ ಆ ಲ್ಯಾಬಿನೊಳಗೆ ಅವಳು ಕಾಲಿಟ್ಟ ಬಗೆ ಹೀಗೆ. ಒಂದು ತರಗತಿಯಲ್ಲಿ ಅವರ ಮೇಡಂ, ಕನಸಿನ ಬಗ್ಗೆ ನಮಗೆ ತಿಳಿದಿರುವುದು ಎದ್ದವರು ಹೇಳಿದ್ದು ಮಾತ್ರ ಎಂದರಂತೆ. ಪಾಠ ಮುಗಿದ ಮೇಲೆ ಯಾಕಮ್ಮ ಅವರ ಹಿಂದೆಯೇ ಮೂರು ಮಹಡಿ ಹತ್ತಿ, ಬಾಗಿಲಲ್ಲಿ ನಿಂತು, ಎದ್ದವರ ಮಾತನ್ನು ಯಾಕೆ ನಂಬಬೇಕು ಎಂದು ಕೇಳಿದಳು. ಮೇಡಂ ತಲೆಯೆತ್ತಿ, “ಹಲ್ಲುಜ್ಜೋಕೆ ಬರುತ್ತಾ?” ಎಂದರು. ಬರುತ್ತದೆ ಎಂದಾಗ ಒಂದು ಬ್ರಶ್ ಕೊಟ್ಟು, ಒಂದು ತಟ್ಟೆಯ ತುಂಬ ಲೋಹದ ಪುಟ್ಟ ಬಟ್ಟಲುಗಳನ್ನು ಮುಂದಿಟ್ಟರು. ಮಲಗುವವರ ತಲೆಗೆ ಅಂಟಿಸುವ ಆ ಬಟ್ಟಲುಗಳು ಒಂದೊಂದೂ ಬೇಳೆಯ ಕಾಳಿನಷ್ಟೇ ದೊಡ್ಡವು. ಪ್ರತಿಯೊಂದರ ಬಾಲಕ್ಕೂ ಬಣ್ಣದ ತಂತಿ. ಒಣಗಿದ ಅಂಟನ್ನು ಉಜ್ಜಿ ತೆಗೆಯುತ್ತ ಅವಳು ಎರಡು ತಿಂಗಳು ಕಳೆದಳು. ಮೂರನೆಯ ತಿಂಗಳು ಮೇಡಂ ಒಂದು ನೋಟ್‌ಬುಕ್ ಕೊಟ್ಟು, ಮಲಗುವವರೊಬ್ಬರನ್ನು ನೀನೇ ಹುಡುಕಿಕೊಂಡು ಬಾ ಎಂದಿದ್ದರು. ಓದುವ ಹುಡುಗರಿಗೆ ಹಗಲಲ್ಲಿ ಪುರುಸೊತ್ತಿಲ್ಲ. ಪುರುಸೊತ್ತಿದ್ದವರಿಗೆ ನಿದ್ರೆ ಇಲ್ಲ. ಅಷ್ಟರಲ್ಲಿ ನಾನು ಬಂದಿದ್ದೆ.

ಅವಳಿಗೆ ಬೇಕಾಗಿದ್ದುದು ಒಂದೇ. ಬೇಸಿಗೆ ರಜೆಯ ಎರಡು ತಿಂಗಳು ಲ್ಯಾಬಿನಲ್ಲಿ ಉಳಿದು ಕೆಲಸ ಮಾಡಲು ಡಿಗ್ರಿಯವರಲ್ಲಿ ಒಬ್ಬರಿಗೆ ಮಾತ್ರ ಅವಕಾಶವಿತ್ತು. ವರ್ಷದ ಕೊನೆಗೆ ನಡೆಯುವ ವಿದ್ಯಾರ್ಥಿ ಸಮ್ಮೇಳನದಲ್ಲಿ ಯಾರ ಕೆಲಸ ಗಟ್ಟಿಯೆನಿಸುವುದೋ ಅವರಿಗೆ ಆ ಸ್ಥಾನ. ಊಟದ ತಟ್ಟೆಯ ಮುಂದೆ ಕುಳಿತಾಗಲೂ ಅವಳ ಕಣ್ಣು ಆ ಮೂರನೆಯ ಮಹಡಿಯಲ್ಲೇ ಇರುತ್ತಿತ್ತು.

ಆ ಕೋಣೆಯನ್ನು ನಾನು ಮರೆಯಲಾರೆ. ಹಿಂದೆ ಭೂಪಟಗಳನ್ನು ಇಡುತ್ತಿದ್ದ ಕೋಣೆಯಂತೆ. ಗೋಡೆಯಲ್ಲಿ ಅವುಗಳನ್ನು ತೂಗುಹಾಕುತ್ತಿದ್ದ ಮೊಳೆಗಳು ಇನ್ನೂ ಇದ್ದವು. ಒಂದೇ ಕಿಟಕಿ, ಅದಕ್ಕೆ ದಪ್ಪನೆಯ ನೀಲಿ ಪರದೆ. ಮಧ್ಯಾಹ್ನದ ಬಿಸಿಲು ಅದರ ಮೂಲಕ ಸೋಸಿ ಬಂದು, ಇಡೀ ಕೋಣೆ ಕೆರೆಯ ತಳದ ಹಾಗೆ ಕಾಣುತ್ತಿತ್ತು. ಕಬ್ಬಿಣದ ಮಂಚದ ನಾಲ್ಕು ಕಾಲಿಗೂ ರಬ್ಬರಿನ ಟೋಪಿ. ಯಾಕಮ್ಮ ನನ್ನ ಕೂದಲು ಬಿಡಿಸಿ, ಟೇಪಿನಿಂದ ಅಳೆದು, ತಣ್ಣನೆಯ ಅಂಟು ಮುಟ್ಟಿಸಿ, ಒಂದೊಂದೇ ಬಟ್ಟಲನ್ನು ಕೂರಿಸುತ್ತಿದ್ದಳು. ಅವಳ ಬೆರಳು ತಗಲಿದರೂ ತಗಲದಷ್ಟು ಹಗುರ. ಕೆಂಪು, ಹಸಿರು, ಹಳದಿ ತಂತಿಗಳು ನನ್ನ ತಲೆಯಿಂದ ಹೊರಟು ಇನ್ನೊಂದು ಪರದೆಯ ಹಿಂದಿದ್ದ, ನಿದ್ರೆ ಎಚ್ಚರಗಳನ್ನು ಗೆರೆಗಳಾಗಿ ಬರೆಯುವ ಯಂತ್ರವನ್ನು ಸೇರುತ್ತಿದ್ದವು. ನಾನು ಬೇರು ಬಿಟ್ಟ ಗಿಡವಾಗುತ್ತಿದ್ದೇನೆ ಎಂದು ನನಗೆ ಅನ್ನಿಸುತ್ತಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ.

ನಿಯಮಗಳು ಬಿಗಿಯಾಗಿದ್ದವು. ಮಲಗಿ ಗೊತ್ತುಪಡಿಸಿದ ಹೊತ್ತು ಕಳೆದ ಮೇಲೆ ಅವಳು ಸಣ್ಣ ಗಂಟೆಯೊಂದನ್ನು ಬಾರಿಸಿ ಎಬ್ಬಿಸಬೇಕು. ಒಂದೇ ಪ್ರಶ್ನೆ ಕೇಳಬೇಕು: “ಎಚ್ಚರವಾಗುವ ಮುನ್ನ ನಿಮ್ಮ ಮನಸ್ಸಿನಲ್ಲಿ ಏನಿತ್ತು?” ಮಾವನೆನ್ನಬಾರದು, ನಗಬಾರದು, ತಲೆಯಾಡಿಸಬಾರದು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು. ನಾನು ಸಂಬಂಧಿ ಎಂಬುದು ಮೇಡಂಗೆ ಗೊತ್ತಿತ್ತು. “ಕೈ ಪಳಗೋಕೆ ಇವರಾಗ್ತಾರೆ ಬಿಡು,” ಎಂದು ಒಪ್ಪಿದ್ದರು.

ಮೊದಲ ದಿನ ಗಂಟೆ ಬಾರಿಸಿತು. ಪ್ರಶ್ನೆ ಬಂತು. ನಾನು ಹುಡುಕಿ ನೋಡಿದೆ. “ಏನೂ ಇಲ್ಲ,” ಎಂದೆ. ತಲೆದಿಂಬಿನ ಹಿಂದೆ ಪೆನ್ಸಿಲ್ ಎರಡು ಪದ ಬರೆದು ನಿಂತಿತು. ಆಮೇಲೆ ಆ ನಿಶ್ಶಬ್ದದಲ್ಲಿ ಅವಳು ಕಾಯುತ್ತಿರುವುದು ನನಗೆ ಕೇಳಿಸಿತು. ಎರಡನೆಯ ದಿನವೂ ಏನೂ ಇಲ್ಲ. ಮೂರು, ನಾಲ್ಕು, ಅದೇ. ಪೆನ್ಸಿಲ್ಲಿನ ಆ ಗಿಡ್ಡ ಸದ್ದು, ಖಾಲಿ ಕೈ ತೋರಿಸಿದರೂ ಬಿಡದ ನಾಯಿಯ ಹಾಗೆ, ನನ್ನನ್ನು ಮನೆಯವರೆಗೂ ಹಿಂಬಾಲಿಸುತ್ತಿತ್ತು.

ಐದನೆಯ ದಿನ, ನನ್ನ ಮನಸ್ಸು ನಿಜಕ್ಕೂ ತೊಳೆದಿಟ್ಟ ಪಾತ್ರೆಯಂತಿದ್ದಾಗ, ನನ್ನ ಬಾಯಿ ಹೇಳಿತು: “ಒಂದು ಮೆಟ್ಟಿಲು.”

ಪೆನ್ಸಿಲ್ ಅಲುಗಿತು.

“ಮೆಟ್ಟಿಲ ಮೇಲೆ ಒಬ್ಬ ಹೆಂಗಸು. ಕೈಯಲ್ಲಿ ಬೀಗದ ಕೈ ಗೊಂಚಲು. ಅದೊಂದು ವಸತಿಗೃಹ. ಪ್ರತಿ ಕೋಣೇಲೂ ಬೇರೆ ಬೇರೆ ಹೊತ್ತು. ಒಂದರಲ್ಲಿ ಸಂಜೆ, ಒಂದರಲ್ಲಿ ನಡುಹಗಲು. ನಾನು ಬೆಳಗಿನ ಜಾವದ ಕೋಣೆ ಕೇಳ್ತಿದ್ದೀನಿ.”

ಪೆನ್ಸಿಲ್ ಓಡಿತು. ಒಣಗಿದೆಲೆಯ ಮೇಲೆ ಸಣ್ಣ ಪ್ರಾಣಿಯೊಂದು ಓಡಿದ ಹಾಗೆ, ತಡೆಯಿಲ್ಲದೆ, ಸಂತೋಷದಿಂದ. ವಾಚಕರೇ, ನನ್ನ ಮಾತಿನಿಂದ ಯಾರಾದರೂ ಅಷ್ಟು ಸಂತೋಷಪಟ್ಟು ಅದೆಷ್ಟು ಕಾಲವಾಗಿತ್ತೋ ನನಗೆ ನೆನಪಿರಲಿಲ್ಲ.

ಆರನೆಯ ದಿನ ಆ ಹೆಂಗಸು ಸಂಜೆಯ ಕೋಣೆಯ ಬಾಗಿಲು ತೆರೆದಳು. ಅಲ್ಲಿ ಯಾರೋ ಬಿಚ್ಚಿಟ್ಟ ಕೋಟಿನ ಜೇಬಿನಲ್ಲಿ ಹಕ್ಕಿಯೊಂದು ಮಲಗಿತ್ತು. ಏಳನೆಯ ದಿನ ಹಕ್ಕಿ ಎದ್ದು ಎರಡನೆಯ ಮಹಡಿಗೆ ಹಾರಿತು. ಮನೆಗೆ ನಡೆದು ಬರುವಾಗ ಯಾಕಮ್ಮ ನಿಯಮವನ್ನು ಪಾಲಿಸಲಾರದೆ ಹೇಳಿದಳು:

“ಮಾವ, ನಿಮ್ಮ ಕನಸು ನಿನ್ನೆ ಬಿಟ್ಟಲ್ಲಿಂದಾನೇ ಶುರುವಾಗುತ್ತೆ. ಗೊತ್ತಾ?”

“ಹೌದಾ? ನಾನು ಗಮನಿಸಲಿಲ್ಲ.”

“ನಾನು ಓದಿದ ಯಾವ ಪುಸ್ತಕದಲ್ಲೂ ಇಂಥದ್ದಿಲ್ಲ. ಮೇಡಂ ಎರಡು ಸಲ ಓದಿದ್ರು. ಅವರು ಯಾವುದನ್ನೂ ಎರಡು ಸಲ ಓದಲ್ಲ.”

ಕೈ ಪಳಗಿಸಲೆಂದು ಆರಂಭವಾದದ್ದೇ ಅವಳ ಸಂಶೋಧನೆಯಾಯಿತು. ಸಮ್ಮೇಳನಕ್ಕೆಂದು ದೊಡ್ಡ ಹಾಳೆಯೊಂದು ಸಿದ್ಧವಾಗತೊಡಗಿತು: ‘ಒಬ್ಬ ವ್ಯಕ್ತಿಯಲ್ಲಿ ಮುಂದುವರಿಯುವ ಕನಸುಗಳು.’ ಅದರ ಮೇಲೆ ಅವಳು ಆ ವಸತಿಗೃಹದ ಕೋಣೆಗಳ ನಕ್ಷೆಯನ್ನು ಬರೆದಿದ್ದಳು. ನಾನು ಗಾಳಿಯಲ್ಲಿ ಕಟ್ಟಿದ ಮಹಡಿಗಳನ್ನು ಆ ಮಗು ಅಳತೆಪಟ್ಟಿ ಇಟ್ಟು ಕಾಗದದ ಮೇಲೆ ನಿಲ್ಲಿಸಿದ್ದಳು. ನೋಡಿದಾಗ ಆ ಹಾಳೆಯನ್ನು ಸುತ್ತಿ ಎಲ್ಲಾದರೂ ಬಚ್ಚಿಡಬೇಕೆನಿಸಿತು. ಅದೇ ಹೊತ್ತಿಗೆ, ನಾಚಿಕೆಬಿಟ್ಟು ಹೇಳುತ್ತೇನೆ, ಹೆಮ್ಮೆಯೂ ಆಯಿತು.

ಆದರೆ ಒಂದು ವಿಪರೀತ ಸಂಭವಿಸಿತ್ತು. ನಾಳಿನ ಕೋಣೆಯಲ್ಲಿ ಏನಿರಬೇಕೆಂದು ಯೋಚಿಸುತ್ತ ಮಲಗಿದವನಿಗೆ ನಿದ್ರೆ ಎಲ್ಲಿಂದ ಬರಬೇಕು? ಕೆರೆಯ ತಳದಂಥ ಆ ನೀಲಿ ಬೆಳಕಿನಲ್ಲಿ ನಾನು ಕಣ್ಣು ಮುಚ್ಚಿ, ಉಸಿರನ್ನು ನಿಧಾನ ಮಾಡಿ, ಪೂರ್ತಿ ಎಚ್ಚರವಾಗಿ ಬಿದ್ದಿರುತ್ತಿದ್ದೆ. ಲಾರಿಯ ಹೊಟ್ಟಿನ ಮೇಲೆ ಸಿಕ್ಕಿದ್ದ ನಿದ್ರೆ ಹಾಸಿಗೆಯ ಮೇಲೆ ಕೈಬಿಟ್ಟಿತು.

ಸಮ್ಮೇಳನಕ್ಕೆ ಐದು ದಿನ ಉಳಿದಿತ್ತು. ಭಾನುವಾರ ಬೆಳಗ್ಗೆ ಯಾಕಮ್ಮ ಅಡುಗೆಮನೆಯ ನಲ್ಲಿಯ ಕೆಳಗೆ ನಿಂತು ಬಟ್ಟಲುಗಳನ್ನು ತಿಕ್ಕುತ್ತಿದ್ದಳು. ಲ್ಯಾಬಿನಿಂದ ಕೇಳಿ ಮನೆಗೆ ತಂದಿದ್ದಳು. ಬೆರಳ ಗೆಣ್ಣುಗಳು ಕೆಂಪಗಾಗಿದ್ದವು.

“ಇನ್ನೆಷ್ಟು ತಿಕ್ತೀಯೆ, ತೂತಾಗುತ್ತೆ,” ಎಂದಳು ಅಕ್ಕ.

“ತಪ್ಪು ಇದರಲ್ಲೇ ಇರಬೇಕಮ್ಮ. ಇಲ್ಲದಿದ್ರೆ ನನ್ನ ಕೈಯಲ್ಲಿ.”

“ಏನು ತಪ್ಪು?”

ಯಾಕಮ್ಮ ನೀರು ನಿಲ್ಲಿಸಿದಳು. “ಯಂತ್ರದ ಗೆರೆಗಳನ್ನ ನಿನ್ನೆ ಎಲ್ಲ ಸೇರಿಸಿ ನೋಡ್ದೆ. ಮಾವ ಅಷ್ಟು ಚೆನ್ನಾಗಿ ಕನಸು ಕಾಣ್ತಿರ್ತಾರೆ, ಯಂತ್ರ ಮಾತ್ರ ಎಚ್ಚರವಾಗಿದ್ದಾರೆ ಅಂತ ತೋರಿಸುತ್ತೆ. ಒಂದು ದಿನ ಅಲ್ಲ, ಮೊದಲ ಕೆಲವು ದಿನ ಬಿಟ್ರೆ ದಿನಾ. ಅಂದ್ರೆ ನನಗೆ ಅಂಟಿಸೋಕೇ ಬಂದಿಲ್ಲ. ನಾಳೆ ಮೇಡಂಗೆ ಹೇಳ್ಬಿಡ್ತೀನಿ, ರಜೆ ಜಾಗ ಬೇರೆಯವರಿಗೆ ಕೊಡಿ ಅಂತ. ಕೈ ಬಾರದವಳು ಅಲ್ಲಿದ್ದು ಏನ್ಮಾಡಲಿ.”

ಅಕ್ಕ ಒಂದು ಬಟ್ಟಲನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿ ಸುತ್ತ ತಿರುಗಿಸಿ ನೋಡಿದಳು. ಆಮೇಲೆ ಆ ಕಣ್ಣನ್ನು ಹಾಗೆಯೇ ಮುಚ್ಚಿಕೊಂಡು ಬೆಂಚಿನ ಮೇಲೆ ಕುಳಿತಿದ್ದ ನನ್ನನ್ನು ನೋಡಿದಳು.

“ಬಟ್ಟಲು ಸರಿಯಾಗಿದೆ,” ಎಂದು ಹೇಳಿ ಒಗೆದ ಬಟ್ಟೆ ಹರವಲು ಹೊರಗೆ ಹೋದಳು.

ಯಂತ್ರ, ಮಾವ, ತಾನು, ಈ ಮೂವರಲ್ಲಿ ಆ ಹುಡುಗಿ ಅನುಮಾನಿಸಿದ್ದು ತನ್ನೊಬ್ಬಳನ್ನೇ. ಬೆಂಚಿನಿಂದ ಎದ್ದೆ.

“ಯಾಕಮ್ಮ, ನಿನ್ನ ಕೈ ಸರಿಯಾಗಿದೆ. ಯಂತ್ರ ಹೇಳಿದ್ದೇ ನಿಜ.”

ಅವಳು ತಿರುಗಲಿಲ್ಲ. ಬ್ರಶ್ಶಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಎಷ್ಟು?”

“ಏನೆಷ್ಟು?”

“ಎಷ್ಟು ಸುಳ್ಳು, ಮಾವ?”

“ಹದಿನಾರು. ಮೊದಲ ನಾಲ್ಕು ನಿಜ.”

“ಮೊದಲ ನಾಲ್ಕರಲ್ಲಿ ಏನೂ ಇರಲಿಲ್ಲ.”

“ಅದೇ ನಿಜ.”

ಅವಳು ಬಟ್ಟಲುಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಮಗುಚಿಟ್ಟಳು. ಅಳುತ್ತಾಳೆಂದು ಕಾದೆ. ಅಳಲಿಲ್ಲ. ತನ್ನ ಹೆಸರಿಗೆ ತಕ್ಕ ಪ್ರಶ್ನೆಯನ್ನೇ ಕೇಳಿದಳು.

“ಯಾಕೆ?”

“ಏನೂ ಇಲ್ಲ ಅಂದಾಗ ನಿನ್ನ ಪೆನ್ಸಿಲ್ ನಿಂತುಬಿಡ್ತಿತ್ತು.”

ಅವಳು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. “ಇದನ್ನ ಮೇಡಂ ಮುಂದೆ ಹೇಳ್ತೀರಾ? ಇದೇ ಮಾತು, ಹೀಗೇ?”

“ಹೇಳಿದ್ರೆ ನಿನ್ನ ರಜೆ ಜಾಗ?”

“ಹೋಗುತ್ತೆ. ಹೇಳದಿದ್ರೆ ಆ ಹಾಳೆ ಪಕ್ಕ ನಿಂತ್ಕೊಂಡು ಸುಳ್ಳು ಹೇಳೋಳು ನಾನಾಗ್ತೀನಿ, ಮಾವ. ನೀವಲ್ಲ.”

ಸೋಮವಾರ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಸಣ್ಣ ದೇಹದ, ಕನ್ನಡಕವನ್ನು ಕೂದಲಲ್ಲಿ ಸಿಕ್ಕಿಸಿಕೊಂಡು ಅದನ್ನೇ ಹುಡುಕುವ ಹೆಂಗಸು. ನನ್ನನ್ನು ಬೈಯುವರೆಂದು ಬೆನ್ನು ಬಗ್ಗಿಸಿ ನಿಂತಿದ್ದೆ. ಅವರು ಮಂಚ ತೋರಿಸಿದರು.

“ಮಲಗಿ. ನೀನು ಯಾವಾಗಿನ ಹಾಗೇ ಕೂತ್ಕೊಳಮ್ಮ. ಗಂಟೆ ಬಾರಿಸು, ಕೇಳು.”

ಗಂಟೆ ಬಾರಿಸಿತು. ಪ್ರಶ್ನೆ ಬಂತು. “ಏನೂ ಇಲ್ಲ,” ಎಂದೆ. ಪೆನ್ಸಿಲ್ ಎರಡು ಪದ ಬರೆದು ನಿಂತಿತು. “ಈಗ ಏನಾದ್ರೂ ಹೇಳಿ,” ಎಂದರು ಮೇಡಂ. “ಒಂದು ಮೆಟ್ಟಿಲು,” ಎಂದೆ. ಪೆನ್ಸಿಲ್ ಓಡಿತು. ಮೇಡಂ ಕಣ್ಣು ಮುಚ್ಚಿಕೊಂಡು ಆ ಸದ್ದನ್ನು ಕೇಳುತ್ತಿದ್ದರು.

“ಇಪ್ಪತ್ತೆರಡು ವರ್ಷದಿಂದ ಈ ಕೋಣೇಲಿ ಜನರನ್ನ ಮಲಗಿಸ್ತಿದ್ದೀನಿ,” ಎಂದರು ಕೊನೆಗೆ. “ನಗಬೇಡಿ ಅಂತ ಬರೆದೆ, ತಲೆಯಾಡಿಸಬೇಡಿ ಅಂತ ಬರೆದೆ. ಪೆನ್ಸಿಲ್ ಬಗ್ಗೆ ಬರೀಲೇ ಇಲ್ಲ.”

ಯಾಕಮ್ಮ ಆ ಹದಿನಾರು ಹಾಳೆಗಳನ್ನು ಹರಿಯಲು ಎತ್ತಿಕೊಂಡಳು. ಮೇಡಂ ಅವಳ ಕೈ ಹಿಡಿದರು. “ಹರಿಯೋ ಹಾಗಿಲ್ಲ. ಪ್ರತಿಯೊಂದರ ಮೇಲೂ ಒಂದು ಗೆರೆ ಎಳಿ. ಕೆಳಗೆ ಯಾಕೆ ಅಂತ ಬರಿ. ಸಮ್ಮೇಳನಕ್ಕೆ ನಮ್ಮಿಂದ ಏನೂ ಇಲ್ಲ ಅಂತ ನಾನು ಹೇಳಿಕಳಿಸ್ತೀನಿ.”

“ರಜೆ ಜಾಗ, ಮೇಡಂ...”

“ಅದು ಬೇರೆ ವಿದ್ಯಾರ್ಥಿಗೆ ಹೋಗುತ್ತೆ. ಅದು ನನ್ನ ಕೈಯಲ್ಲಿಲ್ಲ.” ಅವರು ತಲೆಯ ಮೇಲಿದ್ದ ಕನ್ನಡಕಕ್ಕಾಗಿ ಮೇಜು ತಡವಿದರು. “ಬಟ್ಟಲು ತೊಳೆಯೋಕೆ ಯಾರಾದ್ರೂ ಬೇಕೇ ಬೇಕು, ಅದಕ್ಕೆ ಯಾರನ್ನೂ ಕೇಳಬೇಕಿಲ್ಲ. ನಿನ್ನ ಅಂಟು ಒಂದು ದಿನಾನೂ ಕಿತ್ತುಬಂದಿಲ್ಲ. ಗೆರೆಗಳು ಅಷ್ಟು ಸ್ವಚ್ಛವಾಗಿರೋದ್ರಿಂದಲೇ ಇವರು ಸಿಕ್ಕಿಬಿದ್ದಿದ್ದು. ಮುಂದಿನ ವರ್ಷಕ್ಕೆ ಹನ್ನೆರಡು ಜನ ಅಪರಿಚಿತರನ್ನ ಹುಡುಕು. ಪೆನ್ಸಿಲ್ ಬೇಡ, ಧ್ವನಿಮುದ್ರಣ ಮಾಡು. ಸಂಬಂಧಿಕರು ಬೇಡ.”

ಕೊನೆಯ ಮಾತನ್ನು ನನ್ನ ಕಡೆ ನೋಡಿ ಹೇಳಿದರು. ಅದರಲ್ಲಿ ಸಿಟ್ಟಿರಲಿಲ್ಲ, ರಿಯಾಯಿತಿಯೂ ಇರಲಿಲ್ಲ.

ಅವರು ತರಗತಿಗೆ ಹೋದರು. ಯಾಕಮ್ಮ ಮೇಜಿನ ಬಳಿ ಕುಳಿತು ಗೆರೆ ಎಳೆಯತೊಡಗಿದಳು. ಅಳತೆಪಟ್ಟಿ ಇಟ್ಟು, ಒಂದು ಉದ್ದದ ಗೆರೆ. ಆಮೇಲೆ ಕೆಳಗೆ ನಿಧಾನವಾಗಿ ಬರವಣಿಗೆ. ಮತ್ತೆ ಗೆರೆ. ನೀಲಿ ಪರದೆ ಗಾಳಿಗೆ ಉಬ್ಬಿ ತಗ್ಗುತ್ತಿತ್ತು. ಮಂಚದಿಂದ ಎದ್ದು ಹೋಗಬೇಕೆಂದುಕೊಂಡೆ. ಆಮೇಲೆ ಏನೂ ಅಂದುಕೊಳ್ಳಲಿಲ್ಲ.

ಎಚ್ಚರವಾದಾಗ ಬಿಸಿಲು ಗೋಡೆಯ ಮೊಳೆಗಳವರೆಗೆ ಏರಿತ್ತು. ಗಂಟೆ ಬಾರಿಸಿರಲಿಲ್ಲ. ತಲೆಯ ಮೇಲೆ ತಂತಿಯಿರಲಿಲ್ಲ. ಯಾಕಮ್ಮ ಖಾಲಿ ಕೈ ಕಟ್ಟಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದಳು.

“ಎರಡು ಗಂಟೆ,” ಎಂದಳು. “ಗೊರಕೆ ಬೇರೆ.”

“ಕನಸು ಬಿತ್ತು,” ಎಂದೆ, ನನಗೇ ಆಶ್ಚರ್ಯವಾಗಿ. “ಹಗ್ಗದ ಮೇಲೆ ಒಂದು ಒದ್ದೆ ಟವೆಲ್. ಅಷ್ಟೇ.”

“ಏನು ಬಣ್ಣ?”

“ನೋಡಲಿಲ್ಲ.”

“ಆಮೇಲೆ?”

“ಆಮೇಲೇನೂ ಇಲ್ಲ. ಟವೆಲ್. ತೊಟ್ಟಿಕ್ಕುತ್ತಿತ್ತು.”

ಅವಳು ತುಟಿ ಕಚ್ಚಿಕೊಂಡು ನಕ್ಕಳು. ಆ ದಿನದ ಮೊದಲ ನಗು. “ಬರ್ಕೊಳ್ಳೋ ಹಾಗಿಲ್ಲದಾಗ ನಿಜವಾದ ಕನಸು ಹೇಳ್ತೀರಲ್ಲ, ಮಾವ. ನಿಮಗೆ ಏನನ್ನಬೇಕೋ.” ನಗುತ್ತಲೇ ಇದ್ದವಳು ಅಂಗೈಯಿಂದ ಕಣ್ಣು ಒರೆಸಿಕೊಂಡಳು. ಅವಳ ಗೆಣ್ಣುಗಳು ಇನ್ನೂ ಕೆಂಪಗಿದ್ದವು.

ಮೂರು ದಿನ ಉಳಿದೆ. ಅಕ್ಕ ನನಗೆ ಬೈಯಲಿಲ್ಲ. ಚಹಾ ಲೋಟವನ್ನು ಎದುರಿಗಿಟ್ಟು, “ನೀನು ಹೇಳದೇ ಹೋಗಿದ್ರೆ ನಾನೇ ಹೇಳ್ತಿದ್ದೆ,” ಎಂದಷ್ಟೇ ಅಂದಳು. ಲೋಟವನ್ನು ಬೆಳಕಿಗೆ ಹಿಡಿದು ನೋಡಿರಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಯಾಕಮ್ಮ ಈಗ ಊಟದ ಮೇಜಿನ ಮೇಲೆ ಅಪರಿಚಿತರ ಪಟ್ಟಿ ಬರೆಯುತ್ತಿದ್ದಳು: ಬೇಕರಿ ಕೆಲಸಕ್ಕೆ ನಸುಕಿಗೇ ಏಳುವವನೊಬ್ಬ, ಅಂಚೆಯವನು, ಗ್ರಂಥಾಲಯದಲ್ಲಿ ತೂಕಡಿಸುವ ಮುದುಕಿ. ಹನ್ನೆರಡರಲ್ಲಿ ನಾಲ್ವರು ಒಪ್ಪಿದ್ದರು. ಅವಳ ರಜೆ ಬಟ್ಟಲು ತೊಳೆಯುವುದರಲ್ಲೇ ಕಳೆಯಲಿತ್ತು. ಸಮ್ಮೇಳನದ ಸುದ್ದಿಯನ್ನು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಆ ಪಟ್ಟಿಯಲ್ಲಿ ನನಗೆ ಎಡೆಯಿರಲಿಲ್ಲ. ಅದು ನ್ಯಾಯವಾಗಿಯೇ ಇತ್ತು. ಅಂಗಾಲು ಆಗಲೇ ತುರಿಸತೊಡಗಿತ್ತು.

ಗುರುವಾರ ಬೆಳಗ್ಗೆ ಚೀಲ ಕಟ್ಟಿದೆ. ಎರಡು ಅಂಗಿ, ಒಂದು ಕಂಬಳಿ, ಹೊಲಿಗೆ ಬಿಟ್ಟ ಮೂರು ಕಾದಂಬರಿಗಳು. ಯಾಕಮ್ಮ ಒಂದು ಹೊಸ ನೋಟ್‌ಬುಕ್ ತಂದು ಅವುಗಳ ಮೇಲಿಟ್ಟಳು.

“ಎದ್ದ ತಕ್ಷಣ ಬರೀರಿ. ಎಲ್ಲಿದ್ರೂ. ಏನೂ ಇಲ್ಲದಿದ್ರೆ ಏನೂ ಇಲ್ಲ ಅಂತ ಬರೀಬೇಕು. ಅದೂ ಲೆಕ್ಕಕ್ಕೆ ಬರುತ್ತೆ.”

“ಯಾರಿಗೆ?”

“ನನಗೆ. ಸಂಶೋಧನೆಗಲ್ಲ.”

ಬಸ್ ನಿಲ್ದಾಣದವರೆಗೆ ಜೊತೆಗೆ ಬಂದಳು. ಬಟ್ಟಲುಗಳ ಡಬ್ಬಿ ಅವಳ ಚೀಲದಲ್ಲಿ ಸಣ್ಣಗೆ ಸದ್ದು ಮಾಡುತ್ತಿತ್ತು; ಅಲ್ಲಿಂದಲೇ ಕಾಲೇಜಿಗೆ ಹೋಗುವವಳಿದ್ದಳು. ಬಸ್ಸು ಬಂದಾಗ, ನಾನು ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆ, ಯಾವುದೋ ಅಪರಾಧ ಮಾಡುವವಳ ಹಾಗೆ ಅತ್ತಿತ್ತ ನೋಡಿ ಕೇಳಿದಳು:

“ಮಾವ, ಆ ಹೆಂಗಸು ಕೊನೆಗೆ ಬೆಳಗಿನ ಜಾವದ ಕೋಣೆ ತೋರಿಸಿದ್ಲಾ?”

“ಕೊನೆ ಹಾಳೆಗಳು ಹರಿದುಹೋಗಿವೆ, ಯಾಕಮ್ಮ,” ಎಂದೆ.

ಬಸ್ಸು ಹೊರಟಿತು. ಎಂಜಿನ್ ಪೆಟ್ಟಿಗೆಯ ಪಕ್ಕದ ಆಸನ ಖಾಲಿಯಿತ್ತು. ಅದರ ಬಿಸಿ ನನಗೆ ಪರಿಚಿತ. ನೋಟ್‌ಬುಕ್ಕನ್ನು ಮೊಣಕಾಲ ಮೇಲಿಟ್ಟುಕೊಂಡು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಚೀಲದ ಮೇಲೆ ತಲೆಯಿಟ್ಟೆ. ನಾಲ್ಕು ನಿಮಿಷ ಸಾಕಾಗಿರಬೇಕು. ಮುಂದಿನ ಊರಿನ ತಿರುವಿನಲ್ಲಿ ಬಸ್ಸು ಕುಲುಕಿ ನನ್ನನ್ನು ಎಬ್ಬಿಸಿದಾಗ ನಾನು ಮೊದಲ ಪುಟ ತೆರೆದು, ದಿನಾಂಕ ಹಾಕಿ, ಆ ಎರಡು ಪದಗಳನ್ನು ಬರೆದೆ.